ಬಣ್ಣ ಕಳೆದ ಬಂಗಡೆ

ನನ್ನ ಅವ್ವ ತನ್ನ ದೀರ್ಘಾಯುಷ್ಯದಲ್ಲಿ ಕಾಲಿಟ್ಟ ವಸ್ತುಸಂಗ್ರಹಾಲಯ ಒಂದೇ ಒಂದು. ಅದೂ ಹಂಬಲಿಸಿ ಹೋದುದಲ್ಲ. ಹೊಸ ಕನ್ನಡಕವನ್ನು ತರಲೆಂದು ಕೇಣಿಯಿಂದ ಅಂಕೋಲೆಗೂ ಅಂಕೋಲೆಯಿಂದ ಕಾರವಾರಕ್ಕೂ ಬಸ್ಸು ಬದಲಿಸಿ ಅವಳನ್ನು ಕರೆದೊಯ್ದ ಒಂದು ದಿನ, ಕೆಲಸ ನಿರೀಕ್ಷೆಗಿಂತ ಬೇಗನೆ ಮುಗಿದುಹೋಗಿ, ಬಿಸಿಲು ಇಳಿಯುವತನಕ ಎಲ್ಲಿಯಾದರೂ ನೆರಳಿನಲ್ಲಿ ಹೊತ್ತು ಕಳೆಯಬೇಕಾಗಿ ಬಂದಾಗ, ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಯಿತು. ಅವನು ನಮ್ಮನ್ನು ಸಂತೋಷದಿಂದ ಬರಮಾಡಿಕೊಂಡು, ಸಮುದ್ರದ ಜೀವಿಗಳನ್ನು ಗಾಜಿನ ಭರಣಿಗಳಲ್ಲಿ ಸಾಲುಸಾಲಾಗಿ ಇರಿಸಿದ್ದ ಕೋಣೆಯನ್ನು ತೋರಿಸಲು ಕರೆದೊಯ್ದನು. ಐವತ್ತು ವರ್ಷಗಳ ಕಾಲ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು, ಅಂಕೋಲೆಯ ಪೇಟೆಯಲ್ಲಿ ಕುಳಿತು, ಗಿರಾಕಿಯ ಮುಖ ಕಂಡೊಡನೆಯೆ ಇವನಿಗೆ ತಾರ್ಲೆ ಸಾಕು, ಇವನಿಗೆ ಇಸ್ವಣವೇ ಬೇಕು ಎಂದು ಅಳೆಯಬಲ್ಲವಳಾಗಿದ್ದ ಅವ್ವನಿಗೆ, ಮೀನನ್ನು ನೋಡುವುದಕ್ಕೆಂದೇ ಒಂದು ಕೋಣೆ ಕಟ್ಟಿರುವರೆಂಬುದು ಮೊದಲಿಗೆ ನಂಬಲಾಗದ ಸಂಗತಿಯಾಗಿತ್ತು.

ಮೊದಲನೆಯ ಭರಣಿಯ ಎದುರು ಅವಳು ನಿಂತ ಭಂಗಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸೆರಗನ್ನು ಬಲಗೈಯಿಂದ ಬಿಗಿಹಿಡಿದು, ಹೊಸ ಕನ್ನಡಕದ ಮೂಲಕ ಒಮ್ಮೆ, ಅದರ ಮೇಲಿನಿಂದ ಒಮ್ಮೆ ನೋಡಿದಳು. ಫಾರ್ಮಲಿನ್ ದ್ರಾವಣದಲ್ಲಿ ಎಷ್ಟೋ ವರ್ಷಗಳಿಂದ ನೆಟ್ಟಗೆ ನಿಂತಿದ್ದ ಆ ಮೀನಿಗೆ ಬೆನ್ನಿನ ನೀಲಿಹಸಿರು ಇರಲಿಲ್ಲ, ಅದರ ಮೇಲಿನ ಕಪ್ಪು ಉದ್ದಗೆರೆಗಳಿರಲಿಲ್ಲ, ಹೊಟ್ಟೆಯ ಬೆಳ್ಳಿಯೂ ಇರಲಿಲ್ಲ. ನೆನೆಹಾಕಿದ ಅವಲಕ್ಕಿಯಂತೆ ಸರ್ವಾಂಗವೂ ಬೆಳ್ಳಗಾಗಿತ್ತು.

“ಇದು ಎಂತ ಮೀನ ತಮ್ಮಾ?” ಎಂದು ಕೇಳಿದಳು.

ಹುಡುಗನು ಚೀಟಿಯನ್ನು ಓದಿ, “ರಾಸ್ಟ್ರೆಲಿಜರ್ ಕನಗುರ್ಟ. ನಮ್ಮ ಬಂಗಡೆ, ಅಮ್ಮಾ” ಎಂದನು.

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ತನ್ನ ಜನ್ಮವೆಲ್ಲ ಯಾವುದನ್ನು ಎಣಿಸಿ ಮಾರಿ ಮೂವರು ಮಕ್ಕಳನ್ನು ಓದಿಸಿದಳೊ ಆ ಮೀನೇ ತನಗೆ ಗುರುತು ಸಿಗದೆ ಹೋದುದಕ್ಕೆ ಅವಳಿಗೆ ಲಜ್ಜೆಯಾಯಿತೆಂದು ನಾನು ಭಾವಿಸಿದ್ದೆ. ನನ್ನ ಊಹೆ ತಪ್ಪಾಗಿತ್ತು. “ಬಣ್ಣ ಹೋದಮೇಲೆ ಯಾರು ಕೊಳ್ಳೂಕೆ ಬರ್ತಾರೆ?” ಎಂದು ನಕ್ಕುಬಿಟ್ಟಳು. ಆ ತರುವಾಯ ನಮ್ಮ ಪಾತ್ರಗಳು ಅದಲುಬದಲಾದುವು. ಮುಂದಿನ ಭರಣಿಗಳಲ್ಲಿ ಅವಳು ಬಣ್ಣವನ್ನು ಲೆಕ್ಕಕ್ಕೆ ಹಿಡಿಯದೆ ಮೂತಿ, ಬಾಲ, ಈಜುರೆಕ್ಕೆಗಳ ಆಕಾರದ ಮೇಲಿನಿಂದಲೇ ಹೆಸರು ಹೇಳತೊಡಗಿದಳು. ನೊಗ್ಲಿಯನ್ನು ಮೊನಚಾದ ಮೂತಿಯಿಂದ ಹಿಡಿದಳು; ಹೆದರಿದರೆ ಅದು ಉಸುಬಿನಲ್ಲಿ ಹೂತುಕೊಳ್ಳುತ್ತದೆಂದೂ, ನೀರಿನ ತಳದ ಉಸುಬು ಕಾಲ ಕೆಳಗೆ ಅಲುಗಿದರೆ ನೊಗ್ಲಿ ಇದೆಯೆಂದು ತಿಳಿಯಬೇಕೆಂದೂ ವಿವರಿಸಿದಳು. ವಿದ್ಯಾರ್ಥಿಯು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಆ ಲ್ಯಾಟಿನ್ ಹೆಸರಿನ ‘ಕನಗುರ್ಟ’ ಎಂಬ ಭಾಗವು ಲ್ಯಾಟಿನ್ನೇ ಅಲ್ಲ, ವಿಶಾಖಪಟ್ಟಣದ ಕಡೆಯ ತೆಲುಗು ಬೆಸ್ತರು ಬಂಗಡೆಯನ್ನು ಕರೆಯುತ್ತಿದ್ದ ಹೆಸರೆಂದೂ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಐರೋಪ್ಯ ವಿದ್ವಾಂಸರು ಅದನ್ನು ಹಾಗೆಯೇ ಎತ್ತಿಕೊಂಡರೆಂದೂ ನನಗೆ ತಿಳಿದದ್ದು ಅವ್ವ ತೀರಿಕೊಂಡು ಬಹಳ ವರ್ಷಗಳಾದ ಮೇಲೆ. ತಿಳಿದಿದ್ದರೆ ಅಂದೇ ಅವಳಿಗೆ ಹೇಳುತ್ತಿದ್ದೆ. ಯಾವಳೋ ಒಬ್ಬ ಮೀನು ಮಾರುವ ಹೆಂಗಸು ಬಾಯ್ತುಂಬ ಕೂಗಿದ ಹೆಸರು ಇದು ಎಂದು ತಿಳಿದಿದ್ದರೆ ಆ ಚೀಟಿಯ ಮೇಲೆ ಅವಳಿಗೆ ಸ್ವಲ್ಪ ವಿಶ್ವಾಸ ಹುಟ್ಟುತ್ತಿತ್ತು.

ಮಕ್ಕಳುಮರಿಗಳನ್ನು ಕಟ್ಟಿಕೊಂಡು ಸಂಗ್ರಹಾಲಯಕ್ಕೆ ಹೋಗುವವರಿಗೆ ನಾನು ಹೇಳಬಹುದಾದ ಮಾತು ಈ ಪ್ರಸಂಗದಿಂದಲೇ ಹುಟ್ಟಿದುದು: ಗಾಜಿನ ಪೆಟ್ಟಿಗೆಯೊಡನೆ ಜಗಳವಾಡಬಲ್ಲ ಒಬ್ಬರಾದರೂ ಜೊತೆಯಲ್ಲಿರಬೇಕು. ಚೀಟಿ ಓದಿ ತಲೆಯಾಡಿಸುವ ಹತ್ತು ಜನರಿಗಿಂತ, “ಇದು ಹೀಗಲ್ಲ” ಎನ್ನುವ ಒಬ್ಬ ಮುದುಕಿಯಿಂದ ಮಕ್ಕಳಿಗೆ ಲಾಭ ಹೆಚ್ಚು. ಹಿಂದಿರುಗಿ ನೋಡಿದರೆ, ನನ್ನ ಮನಸ್ಸಿನಲ್ಲಿ ಉಳಿದುಕೊಂಡಿರುವ ಸಂದರ್ಶನಗಳೆಲ್ಲವೂ ಯಾರೋ ಒಬ್ಬರು ತಕರಾರು ತೆಗೆದಂಥವೇ.

ಅವುಗಳಲ್ಲಿ ಮೊದಲನೆಯದು ನಾನು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದಾಗ, 1973ರಲ್ಲಿ, ಅಂಕೋಲೆಯಿಂದ ಬೆಂಗಳೂರು-ಮೈಸೂರುಗಳಿಗೆ ಹೊರಟ ಶಾಲಾ ಪ್ರವಾಸದಲ್ಲಿ ಒದಗಿತು. ರಾತ್ರಿಯಿಡೀ ಘಟ್ಟ ಹತ್ತಿ, ಹುಬ್ಬಳ್ಳಿಯಾಚೆ ಎಲ್ಲಿಯೋ ಬಸ್ಸು ಕೆಟ್ಟು, ಹೊಲದ ಬದುವಿನ ಮೇಲೆ ಕುಳಿತು ಅವಲಕ್ಕಿ ತಿಂದು, ನಿದ್ದೆಗೆಟ್ಟ ಕಣ್ಣುಗಳಿಂದ ನಾವು ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡವನ್ನು ಹೊಕ್ಕೆವು. 1865ರಲ್ಲಿ ಸ್ಥಾಪಿತವಾದ, ದಕ್ಷಿಣ ಭಾರತದ ಅತಿ ಹಳೆಯ ಸಂಗ್ರಹಾಲಯಗಳಲ್ಲಿ ಒಂದಾದ ಅದನ್ನು ನೋಡುವ ಸೌಭಾಗ್ಯ ನಮ್ಮದೆಂದು ಗುರುಗಳು ಹೇಳುತ್ತಿದ್ದರು. ನಮ್ಮ ಗಮನವೆಲ್ಲ ಅಂದಿನ ಊಟ ಎಲ್ಲಿ ಎಂಬುದರ ಮೇಲೆ ಇತ್ತು. ವಿಗ್ರಹಗಳೂ ನಾಣ್ಯಗಳೂ ಆಯುಧಗಳೂ ಒಂದರ ಹಿಂದೊಂದು ಹಾದುಹೋದುವು. ಕೊನೆಗೆ ಒಂದು ಶಿಲೆಯ ಎದುರು ಎಲ್ಲರೂ ತಾವಾಗಿಯೇ ನಿಂತರು, ಏಕೆಂದರೆ ಅದರ ಮೇಲೆ ರಾಜನೂ ಇರಲಿಲ್ಲ, ದೇವರೂ ಇರಲಿಲ್ಲ. ಒಂದು ನಾಯಿಯೂ ಒಂದು ಹಂದಿಯೂ ಸೆಣಸಾಡುತ್ತಿದ್ದುವು.

ಅದು ಆತಕೂರಿನ ವೀರಗಲ್ಲು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗನು, ತನ್ನ ಸೇವಕನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಆತನು ಊರನ್ನೂ ಹೊನ್ನನ್ನೂ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನಂತೆ. ಆ ಕಾಳಿಯು ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತುದರಿಂದ ಅದರ ನೆನಪಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು; ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿಯ ಪಾಪವೆಲ್ಲ ಅವನಿಗೇ ತಟ್ಟುವುದೆಂದು ಬರೆಸಿದರು. ಗುರುಗಳು ಇಷ್ಟನ್ನು ಭಕ್ತಿಯಿಂದ ವಿವರಿಸುತ್ತಿರುವಾಗ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗೆ ಹೊರಟಿತು. ಕಾರವಾರದ ಕಾಳಿನದಿಯ ನೀರು ಕುಡಿದು ಬೆಳೆದ ಜಿಲ್ಲೆಯವರು ನಾವು; ನಮ್ಮ ನದಿಯ ಹೆಸರನ್ನು ನಾಯಿಗೆ ಇಟ್ಟಿದ್ದಾರೆಂದರೆ ನಗದೆ ಏನು ಮಾಡುವುದು? ಆದರೆ ನಿಜವಾದ ತಕರಾರು ತೆಗೆದವನು ಅಚವೆಯ ಕಡೆಯ ಒಬ್ಬ ಸಹಪಾಠಿ. ಅವನ ಮನೆಯಲ್ಲಿ ಗದ್ದೆಗೆ ಬರುವ ಹಂದಿಗಳನ್ನು ಅಟ್ಟಲು ಸಾಕಿದ ನಾಲ್ಕಾರು ನಾಯಿಗಳಿದ್ದುವು. “ಸರ್, ಬುದ್ಧಿ ಇದ್ದ ನಾಯಿ ಹಂದಿಯ ಎದುರಿಗೆ ಹೋಗುದಿಲ್ಲ; ದಾಡೆ ಉಂಟಲ್ಲ. ಹಿಂದಿಂದ ತೊಡೆ ಹಿಡೀತದೆ, ಇಲ್ಲಾ ಬದಿಯಿಂದ ಕಿವಿ ಹಿಡೀತದೆ,” ಎಂದನು. ಗುರುಗಳು ಸಿಟ್ಟಾಗುವರೆಂದು ನಾವು ಕಾದೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಹಾಗಾದರೆ ಎದುರಿಗೆ ಹೋದುದಕ್ಕಾಗಿಯೇ ಕಲ್ಲು ಹಾಕಿಸಿದರೇನೊ,” ಎಂದರು.

ಅದೇ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಗುಂಡಿ ಒತ್ತಿದರೆ ತಿರುಗುವ ಯಂತ್ರಗಳನ್ನು ಕಂಡು ಹುಡುಗರೆಲ್ಲ ಹುಚ್ಚೆದ್ದುಹೋದರು. ಅಲ್ಲಿಂದ ನಮ್ಮನ್ನು ಹೊರಡಿಸುವುದಕ್ಕೆ ಗುರುಗಳು ಪಟ್ಟ ಪಾಡು ಬೇರೆಯೇ ಒಂದು ಕಥೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ಅಂದು ನೋಡಲಾಗಲಿಲ್ಲ. ಮದುವೆಯಾದ ಮೇಲೆ ಪತ್ನಿಯೊಡನೆ ಹೋಗಿ, ಹಳದಣಕರರು ಜಲವರ್ಣದಲ್ಲಿ ಬರೆದ ದೀಪಧಾರಿಣಿಯ ಮುಂದೆ ಕತ್ತಲುಗೋಣೆಯಲ್ಲಿ ನಿಂತೆವು. ಬೆರಳುಗಳ ಸಂದಿನಿಂದ ಸೋಸಿ ಬರುವ ಆ ಕೆಂಬೆಳಕನ್ನು ಕಂಡು ನಾನು ಪರವಶನಾಗಿರುವಾಗ ಪತ್ನಿ ಕಿವಿಯ ಬಳಿ ಬಾಗಿ, “ಇವಳು ಗಾಳಿಯಲ್ಲಿ ದೀಪ ಹಿಡಿದು ನಡೆದವಳಲ್ಲ,” ಎಂದಳು. ಮಳೆಗಾಲದ ಸಂಜೆ ಕಡಲಗಾಳಿಗೆ ಎದುರಾಗಿ ತುಳಸಿಕಟ್ಟೆಯವರೆಗೆ ದೀಪ ಒಯ್ಯುವವರು ಅಂಗೈಯನ್ನು ಜ್ವಾಲೆಗೆ ಅಷ್ಟು ಸಮೀಪ ಹಿಡಿದರೆ ಬೆರಳು ಸುಡುತ್ತದೆಯಂತೆ. ಚಿತ್ರವನ್ನು ಕುರಿತು ಅನೇಕ ವಿಮರ್ಶೆಗಳನ್ನು ಓದಿದ್ದೇನೆ. ಇಷ್ಟು ನಿಷ್ಠುರವಾದುದನ್ನು ಮತ್ತೆಲ್ಲಿಯೂ ಓದಿಲ್ಲ.

ನನ್ನ ಬಾಲ್ಯದಲ್ಲಿ ಕೇಣಿಯ ಹುಡುಗರಿಗೆ ನೋಡುವುದಕ್ಕೆ ಹತ್ತಿರದಲ್ಲಿ ಇಂಥದೇನೂ ಇರಲಿಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯಲ್ಲಿ ಉಪ್ಪು ತಯಾರಿಸಿ ಕಾಯಿದೆ ಮುರಿದ ಕಥೆಯನ್ನು ಕಣ್ಣಾರೆ ಕಂಡ ವೃದ್ಧರೇ ನಮಗೆ ಜಗುಲಿಯ ಮೇಲೆ ಕುಳಿತು ಹೇಳುತ್ತಿದ್ದರು. ಆ ಉಪ್ಪಿನ ಒಂದು ಚಿಟಿಕೆಯನ್ನಾದರೂ ಗಾಜಿನಡಿಯಲ್ಲಿ ಇಡಬೇಕೆಂದು ಆಗ ಯಾರಿಗೂ ತೋಚಿರಲಿಲ್ಲ. ಈಗ ಕಾಲ ಬದಲಾಗಿದೆ. ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು 1883ರಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ಬಂದು ತಂಗಿ ಒಂದು ನಾಟಕವನ್ನು ಬರೆದ ಊರು ಕಾರವಾರ. ಅವರ ಹೆಸರನ್ನೇ ಹೊತ್ತ ಕಡಲತೀರದಲ್ಲಿ ಇಂದು ಒಂದು ಯುದ್ಧನೌಕೆಯೂ, ಶಿಲ್ಪಗಳ ಉದ್ಯಾನವೂ, ಈಚೆಗೆ ಒಂದು ವಿಮಾನವೂ ಮಕ್ಕಳಿಗಾಗಿ ಕಾದು ನಿಂತಿವೆ.

ಕಳೆದ ವರ್ಷ ದಸರೆಯ ರಜೆಯಲ್ಲಿ ಮೊಮ್ಮಕ್ಕಳಿಬ್ಬರನ್ನು ಅಲ್ಲಿಗೆ ಕರೆದೊಯ್ದೆ. ಹುಡುಗಿಗೆ ಒಂಬತ್ತು, ಹುಡುಗನಿಗೆ ಆರು. ಮಗ ಬೆಂಗಳೂರಿನಲ್ಲಿರುವವನು, ಮಕ್ಕಳಿಗೆ ಕಡಲೆಂದರೆ ವರ್ಷಕ್ಕೆ ಎರಡು ವಾರದ ನೆಂಟ. ಹಾರವಾಡ, ಅಮದಳ್ಳಿ, ಅರಗಾಗಳನ್ನು ದಾಟಿ, ಬಿಣಗಾದ ಏರು ಕಳೆದು ಕಾರವಾರದ ಕೊಲ್ಲಿ ಕಣ್ಣಿಗೆ ಬೀಳುವವರೆಗೂ ಹುಡುಗನು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದನು: “ಅಜ್ಜಾ, ಹಡಗಿಗೆ ಚಪಲ ಅಂತ ಯಾಕೆ ಹೆಸರು? ಅದಕ್ಕೂ ಬಾಯಿಚಪಲವಾ?” ಮನೆಯಲ್ಲಿ ಅವನನ್ನು ದಿನಕ್ಕೆ ನಾಲ್ಕು ಬಾರಿ ಗದರಿಸುವ ಶಬ್ದವದು. ಸಂಸ್ಕೃತದಲ್ಲಿ ಚಪಲವೆಂದರೆ ವೇಗವುಳ್ಳದ್ದು, ಚಪಲಾ ಎಂದರೆ ಮಿಂಚು, ನಮ್ಮ ಬಳಕೆಯಲ್ಲಿ ಅದು ನಾಲಗೆಗೆ ಇಳಿದುಬಿಟ್ಟಿದೆ ಎಂದು ನಿವೃತ್ತ ಮೇಷ್ಟರ ಗತ್ತಿನಿಂದ ವಿವರಿಸಿದೆ. ಅವನಿಗೆ ಬಾಯಿಚಪಲದ ಹಡಗೇ ಹೆಚ್ಚು ಹಿಡಿಸಿತು.

ಐಎನ್‌ಎಸ್ ಚಪಲ್ ಸೋವಿಯತ್ ದೇಶದಲ್ಲಿ ನಿರ್ಮಿತವಾದ ಕ್ಷಿಪಣಿ ದೋಣಿ. 1976ರ ನವೆಂಬರ್ 4ರಂದು ನಮ್ಮ ನೌಕಾಪಡೆಯನ್ನು ಸೇರಿ, 2005ರ ಮೇ ತಿಂಗಳಲ್ಲಿ ನಿವೃತ್ತಿ ಹೊಂದಿ, 2006ರ ನವೆಂಬರಿನಿಂದ ಈ ಮರಳ ಮೇಲೆ ಸಂಗ್ರಹಾಲಯವಾಗಿ ಕುಳಿತಿದೆ. ಉದ್ದ ನಲವತ್ತು ಮೀಟರಿಗೆ ಸ್ವಲ್ಪ ಕಡಿಮೆ; ಅದರ ಬೆನ್ನ ಮೇಲೆ ನಾಲ್ಕು ಕ್ಷಿಪಣಿಗಳ ದೊಡ್ಡ ಗೂಡುಗಳು. ನಮ್ಮ ಮುಂದಿದ್ದ ಗೃಹಸ್ಥರೊಬ್ಬರು ತಮ್ಮ ಮಕ್ಕಳಿಗೆ, 1971ರಲ್ಲಿ ಕರಾಚಿಯನ್ನು ಸುಟ್ಟದ್ದು ಇದೇ ಹಡಗು ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ತಕರಾರು ತೆಗೆಯುವ ಸರದಿ ಈಗ ನನ್ನದಾಯಿತು. ಕರಾಚಿಯ ಮೇಲೆ ಡಿಸೆಂಬರ್ 4ರ ರಾತ್ರಿ ಎರಗಿದವು ನಿರ್ಘಾತ್, ವೀರ್, ನಿಪಾತ್ ಎಂಬ ಇದೇ ಕುಲದ ಅಕ್ಕಂದಿರು. ಚಪಲ್ ಐದು ವರ್ಷ ತಡವಾಗಿ ಹುಟ್ಟಿದ ತಂಗಿ ಎಂದು ಮೆಲ್ಲನೆ ಹೇಳಿದೆ. ಆ ಗೃಹಸ್ಥರಿಗೆ ಇದು ರುಚಿಸಲಿಲ್ಲ. ಯುದ್ಧ ಮಾಡದ ಹಡಗನ್ನು ನೋಡಲು ಟಿಕೆಟ್ಟು ಏಕೆ ಎಂಬಂತೆ ನನ್ನನ್ನೇ ದುರುಗುಟ್ಟಿ ನೋಡಿದರು. ಇಪ್ಪತ್ತೆಂಟು ವರ್ಷಗಳಿಗೂ ಮಿಕ್ಕಿ ಹಗಲುರಾತ್ರಿ ಕಾವಲು ಕಾದ ಹಡಗಿಗೂ ಒಂದು ಮರ್ಯಾದೆಯುಂಟೆಂದು ನನಗೆ ತೋರುತ್ತದೆ.

ಮಕ್ಕಳಿಗೆ ಈ ವಿವಾದದಿಂದ ಏನೂ ಆಗಬೇಕಾಗಿರಲಿಲ್ಲ. ಚಪಲ್‌ನ ದೊಡ್ಡ ಗುಣವೇನೆಂದರೆ ಅದರ ಒಳಕ್ಕೆ ಇಳಿಯಬಹುದು. ಒಳಗೆ ಕಪ್ತಾನ, ನಾವಿಕರು ಮೊದಲಾದವರ ಆಳೆತ್ತರದ ಬೊಂಬೆಗಳನ್ನು ಸಮವಸ್ತ್ರ ತೊಡಿಸಿ ಅವರವರ ಜಾಗಗಳಲ್ಲಿ ಇರಿಸಿದ್ದಾರೆ. ಬಾಗಿಲುಗಳು ಎಷ್ಟು ತಗ್ಗೆಂದರೆ, ಮಕ್ಕಳು ನೆಟ್ಟಗೆ ನಡೆದುಹೋದೆಡೆಯಲ್ಲಿ ನಾನು ಹಣೆಯನ್ನು ಎರಡು ಬಾರಿ ಬಡಿಸಿಕೊಂಡೆ, ಮೂರನೆಯ ಬಾರಿ ಬಡಿಯುವುದಕ್ಕೆ ಮುನ್ನವೇ ಮೊಮ್ಮಗಳು “ಅಜ್ಜಾ, ತಲೆ!” ಎಂದು ಎಚ್ಚರಿಸತೊಡಗಿದಳು. ಒಂದರ ಮೇಲೊಂದಾಗಿ ಕಟ್ಟಿದ ಮಲಗುವ ಹಲಗೆಗಳ ಮುಂದೆ ಅವಳು ಬಹಳ ಹೊತ್ತು ನಿಂತಳು. ಅಗಲವನ್ನು ಗೇಣಿನಿಂದ ಗಾಳಿಯಲ್ಲೇ ಅಳೆದಳು. ಮಗ್ಗುಲು ಬದಲಿಸಿದರೆ ಬೀಳುವುದಿಲ್ಲವೇ, ಮಳೆಗಾಲದಲ್ಲಿ ಒದ್ದೆ ಬಟ್ಟೆ ಎಲ್ಲಿ ಒಣಹಾಕುತ್ತಿದ್ದರು, ಜ್ವರ ಬಂದರೆ ಗಂಜಿ ಯಾರು ಮಾಡಿಕೊಡುತ್ತಿದ್ದರು—ಅವಳ ಪ್ರಶ್ನೆಗಳಲ್ಲಿ ಒಂದಕ್ಕೂ ಅಲ್ಲಿಯ ಫಲಕಗಳಲ್ಲಿ ಉತ್ತರವಿರಲಿಲ್ಲ, ಕ್ಷಿಪಣಿಯ ತೂಕ ಇತ್ತು. ನನ್ನ ಭಾವನೊಬ್ಬನು ಮಲ್ಪೆಯ ಕಡೆ ಟ್ರಾಲರಿನಲ್ಲಿ ದುಡಿದವನು. ಹತ್ತು ದಿನಗಳ ಮೀನುಗಾರಿಕೆಗೆ ಹೋದರೆ ಹಲಗೆಗೆ ತನ್ನನ್ನು ಹಗ್ಗದಿಂದ ಕಟ್ಟಿಕೊಂಡು ಮಲಗುತ್ತಿದ್ದೆನೆಂದು ಅವನು ಹೇಳುತ್ತಿದ್ದುದನ್ನು ನೆನಪಿಸಿಕೊಂಡು ಹೇಳಿದೆ. ಆ ಮಾತು ಅವಳಿಗೆ ಕ್ಷಿಪಣಿಗಿಂತ ದೊಡ್ಡದಾಯಿತು.

ಪಕ್ಕದ ಟುಪೊಲೆವ್-142 ವಿಮಾನದ ಬಗ್ಗೆ ಹೇಳುವುದು ಅಷ್ಟಾಗಿ ಇಲ್ಲ. ಇಪ್ಪತ್ತೊಂಬತ್ತು ವರ್ಷ ಸಮುದ್ರದ ಮೇಲೆ ಹಾರಿ, 2017ರಲ್ಲಿ ಅರಕ್ಕೋಣಂನಲ್ಲಿ ನಿವೃತ್ತವಾಗಿ, ತುಂಡುತುಂಡಾಗಿ ಲಾರಿಗಳ ಮೇಲೆ ಬಂದು ಇಲ್ಲಿ ಮತ್ತೆ ಜೋಡಣೆಗೊಂಡ ಮಹಾಕಾಯ ಅದು. ಒಂದೊಂದು ಎಂಜಿನ್ನಿಗೂ ಎರಡೆರಡು ಪಂಖಗಳು, ಒಂದಕ್ಕೊಂದು ವಿರುದ್ಧವಾಗಿ ತಿರುಗುವಂಥವು. ಹುಡುಗನು ಅವುಗಳ ಎಲೆಗಳನ್ನು ಎಣಿಸಿ ಮುಗಿಸುವುದರೊಳಗೆ ಹಸಿವು ಮುಂದಾಯಿತು. ಅದು ವಿಮಾನದ ತಪ್ಪಲ್ಲ.

ಬಿಸಿಲು ತಗ್ಗಿದ ಮೇಲೆ ರಾಕ್ ಗಾರ್ಡನ್ನಿಗೆ ಹೋದೆವು. ಮಕ್ಕಳೊಡನೆ ಹೋಗುವವರು ನಾಲ್ಕು ಗಂಟೆಗೆ ಮುಂಚೆ ಹೋಗದಿರುವುದೇ ಲೇಸು, ಸಿಮೆಂಟು ಕಾಯುತ್ತದೆ. ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರು, ಸಿದ್ದಿಗಳು, ಗೌಳಿಗಳು ಮೊದಲಾದ ಜನರ ಬಾಳುವೆಯನ್ನು ಆಳೆತ್ತರದ ಶಿಲ್ಪಗಳಲ್ಲಿ ಅಲ್ಲಿ ಮೂಡಿಸಿದ್ದಾರೆ. ಕಲಾವಿದರ ಕೈ ಒಳ್ಳೆಯದು. ಬಣ್ಣ ಮಾತ್ರ ಜಾತ್ರೆಯ ಅಂಗಡಿಯದು ಎಂದು ನನಗನ್ನಿಸಿತು, ನನ್ನ ಕಣ್ಣಿಗೆ ವಯಸ್ಸಾಗಿದ್ದರೂ ಇರಬಹುದು. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸಿನ ಪ್ರತಿಮೆಯ ಮುಂದೆ, ಅಂಥದೇ ಮಣಿಸರಗಳನ್ನು ಧರಿಸಿದ ಒಬ್ಬ ಅಜ್ಜಿ, ಸೆರಗನ್ನು ಹೆಗಲ ಮೇಲೆ ಗಂಟುಹಾಕಿ ಉಟ್ಟ ಸೀರೆಯಲ್ಲಿ, ಮನೆಯ ಕಿರಿಯರೊಡನೆ ಬಂದು ನಿಂತಿದ್ದಳು. ಪ್ರತಿಮೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೊಮ್ಮಕ್ಕಳು ಪಟ ತೆಗೆಯುವವರೆಗೆ ಸಹನೆಯಿಂದ ನಿಂತು, ಆಮೇಲೆ ಯಾರಿಗೂ ಅಲ್ಲವೆಂಬಂತೆ, “ಚಂದ ಮಾಡಿದಾರೆ. ಆದ್ರೆ ಇವಳ ಕುತ್ತಿಗೆಗೆ ಭಾರ ಇಲ್ಲ,” ಎಂದಳು.

ನನ್ನ ಮೊಮ್ಮಗಳು ಸಂಕೋಚವಿಲ್ಲದ ಹುಡುಗಿ. “ಎಷ್ಟು ಭಾರ ಅಜ್ಜೀ?” ಎಂದು ಕೇಳಿಯೇಬಿಟ್ಟಳು. ಅಜ್ಜಿ ಬಗ್ಗಿ, ಕೊರಳಿನ ಸರಗಳ ಕಂತೆಯೊಂದನ್ನು ಬೆರಳಿನಿಂದೆತ್ತಿ ಹುಡುಗಿಯ ಅಂಗೈಯಲ್ಲಿ ಇಳಿಬಿಟ್ಟಳು. ಕಪ್ಪು, ಹಳದಿ ಮಣಿಗಳು ಹುಡುಗಿಯ ಕೈಯಲ್ಲಿ ಮೆಲ್ಲಗೆ ಸದ್ದು ಮಾಡುತ್ತ ಕುಳಿತುವು. ಎಷ್ಟೋ ವರ್ಷ ಮೈಬೆವರು ಕುಡಿದು ನುಣ್ಣಗಾದ ಮಣಿಗಳು, ದಾರ ಮಾತ್ರ ಹೊಸದು. ಕೈ ಒಂದಿಷ್ಟು ಕೆಳಗೆ ಜಗ್ಗಿತು. ಆ ಜಗ್ಗುವಿಕೆಯನ್ನು ಕಂಡು ಅಜ್ಜಿಗೆ ತೃಪ್ತಿಯಾಗಿರಬೇಕು. “ಹಾಂ,” ಎಂದಳು, ಸರಗಳನ್ನು ಮತ್ತೆ ಎದೆಗೆ ಸರಿಸಿಕೊಂಡು, ಸಾಲಾಗಿ ನಿಂತಿದ್ದ ಪ್ರತಿಮೆಗಳ ನಡುವೆ ನಡೆದುಹೋದಳು. ಸ್ವಲ್ಪ ದೂರ ಹೋದ ಮೇಲೆ ಯಾವುದು ಪ್ರತಿಮೆ ಯಾವುದು ಅಜ್ಜಿ ಎಂದು ಹುಡುಗನು ಪಂಥ ಕಟ್ಟಿ, ಸೋತನು.

ಬೆಂಗಳೂರಿಗೆ ಹಿಂದಿರುಗಿ ಶಾಲೆಯಲ್ಲಿ ಬರೆಯಬೇಕಾಗಿದ್ದ ಪ್ರವಾಸದ ಪ್ರಬಂಧಕ್ಕೆ ನಾನು ಇಸವಿಗಳನ್ನೂ ಅಳತೆಗಳನ್ನೂ ಒಂದು ಹಾಳೆಯಲ್ಲಿ ಗುರುತುಹಾಕಿಕೊಟ್ಟೆ. ಅವನ್ನು ಮೊಮ್ಮಗಳು ಬಳಸಿದಳೊ ಇಲ್ಲವೊ ನಾನು ವಿಚಾರಿಸಲಿಲ್ಲ. ಆದರೆ ಕಾರವಾರಕ್ಕೆ ಹೋಗಿಬಂದ ಮರುದಿನ ಬೆಳಗ್ಗೆ ನಡೆದುದನ್ನು ನಾನೇ ಕಣ್ಣಾರೆ ಕಂಡೆ. ರಾತ್ರಿ ಜೋರಾಗಿ ಮಳೆ ಬಂದಿತ್ತು. ಕೇಣಿಯ ದಂಡೆಯಲ್ಲಿ, ತೆಂಗಿನ ಮರಗಳ ಬುಡದಲ್ಲಿ, ನೆರೆಯ ಹರಿಕಂತರ ಹಿರಿಯನೊಬ್ಬನ ಹಳೆಯ ಪಾತಿದೋಣಿ ಮೇಲಕ್ಕೆ ಎಳೆದಿಟ್ಟದ್ದು ಅರ್ಧ ನೀರು ತುಂಬಿ ನಿಂತಿತ್ತು. ಆತನು ಪಕ್ಕದಲ್ಲಿ ಕುಳಿತು ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದನು. ಹುಡುಗಿ ದೋಣಿಯನ್ನು ಒಂದು ಸುತ್ತು ಸುತ್ತಿದಳು. ಉದ್ದವನ್ನು ಹೆಜ್ಜೆಯಲ್ಲಿಯೂ ಅಗಲವನ್ನು ಗೇಣಿನಲ್ಲಿಯೂ ಅಳೆದಳು. ಆಮೇಲೆ ಬಹಳ ಗಂಭೀರವಾಗಿ, ಒಳಗೆ ಹೋಗಿ ನೋಡುವುದಕ್ಕೆ ಟಿಕೆಟ್ಟು ಎಷ್ಟೆಂದು ಕೇಳಿದಳು.

ಆತನು ಬಲೆಯಿಂದ ತಲೆಯೆತ್ತಲಿಲ್ಲ. “ಒಳಗೆ ಹೋಗೂಕೆ ಟಿಕೆಟ್ ಇಲ್ಲ ತಂಗೀ,” ಎಂದನು. “ಹೊರಗೆ ಬರೂಕೆ ಅದೆ.” ತಗಡಿನ ಡಬ್ಬಿಯೊಂದನ್ನು ಅವಳ ಕೈಗೆ ಕೊಟ್ಟು, ದೋಣಿಯ ನೀರನ್ನು ತೋರಿಸಿದನು.

ಅವಳು ಲಂಗವನ್ನು ಮೇಲೆ ಸಿಕ್ಕಿಸಿಕೊಂಡು ಒಳಗೆ ಇಳಿದಳು. ತಮ್ಮನೂ ಓಡಿಬಂದು ದೋಣಿಯ ಅಂಚು ಹಿಡಿದು ನಿಂತನು. ಅವನಿಗೆ ಡಬ್ಬಿ ಇರಲಿಲ್ಲ, ಬೊಗಸೆಯಿಂದ ಎತ್ತಿ ಚೆಲ್ಲತೊಡಗಿದನು. ಅರ್ಧ ನೀರು ದೋಣಿಯೊಳಕ್ಕೇ ಬೀಳುತ್ತಿತ್ತು.